ಸಾಧನವೇ ಮೆಮೊರಿಗೆ ಬರೆಯುವಾಗ: ಡಿಎಂಎ ಅಳವಡಿಸುವ ಬಗೆ

ಸೀರಿಯಲ್ ಪೋರ್ಟಿನಲ್ಲಿ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಡೇಟಾ ಬರುತ್ತಿದೆ ಎಂದುಕೊಳ್ಳಿ. ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿ ಒಂದು ಬೈಟಿಗೆ 10 ಬಿಟ್, ಅಂದರೆ ಸೆಕೆಂಡಿಗೆ 11520 ಬೈಟ್. ಬೈಟಿಗೊಂದು ಇಂಟರಪ್ಟ್ ಇಟ್ಟರೆ ಪ್ರೊಸೆಸರ್ ಅಷ್ಟೂ ಸಲ ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಅದರ ಬದಲು 256 ಬೈಟಿನ ಸುತ್ತುವ ಬಫರ್ ಕೊಟ್ಟು, ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಇನ್ನೊಮ್ಮೆ ತಿಳಿಸಲು ಡಿಎಂಎಗೆ (ಡೈರೆಕ್ಟ್ ಮೆಮೊರಿ ಆ್ಯಕ್ಸೆಸ್, ಅಂದರೆ ಪ್ರೊಸೆಸರಿನ ಕೈ ಹಾಯದೆ ಸಾಧನಕ್ಕೂ ಮೆಮೊರಿಗೂ ನಡುವೆ ಡೇಟಾ ಸಾಗಿಸುವ ವ್ಯವಸ್ಥೆ) ಹೇಳಿದರೆ ಸೆಕೆಂಡಿಗೆ 90 ಇಂಟರಪ್ಟ್ ಸಾಕು. ಬೈಟುಗಳು ಪ್ರೊಸೆಸರನ್ನು ಹಾದುಹೋಗದೆ ನೇರವಾಗಿ ಮೆಮೊರಿಗೆ ಬಂದು ಕೂರುತ್ತವೆ.

ಲಾಭ ಎಲ್ಲರಿಗೂ ಗೊತ್ತಿರುವುದೇ. ಕಷ್ಟ ಇರುವುದು ಬೇರೆ ಕಡೆ. ಮೆಮೊರಿಯನ್ನು ಈಗ ಇಬ್ಬರು ಮುಟ್ಟುತ್ತಿದ್ದಾರೆ, ಮತ್ತು ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಾನಾಗಿ ತಿಳಿಯುವುದಿಲ್ಲ. ಡಿಎಂಎ ತೊಂದರೆಗಳಲ್ಲಿ ಬಹುಪಾಲು ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಕೋಡ್ ಬರೆದದ್ದರಿಂದಲೇ ಹುಟ್ಟುತ್ತವೆ: ಈ ವಿಳಾಸ ಯಾರ ಕಣ್ಣಿನದು? ಈ ಬಫರ್ ಈ ಕ್ಷಣ ಯಾರ ಕೈಯಲ್ಲಿದೆ? ಯಾವ ಬರಹ ಮೊದಲು ತಲುಪಿತು? ಕೆಳಗಿನದ್ದೆಲ್ಲ ಈ ಮೂರನ್ನೇ ಹಿಡಿದು ಹೋಗುತ್ತದೆ.

ಬಸ್ಸನ್ನು ಹಿಡಿಯುವವರು ಯಾರು

ಬಸ್ ಎಂದರೆ ಪ್ರೊಸೆಸರ್, ಮೆಮೊರಿ, ಸಾಧನಗಳ ನಡುವೆ ಡೇಟಾ ಓಡಾಡುವ ದಾರಿ. ಪಿಸಿಗಳ ಹಳೆಯ ಐಎಸ್‌ಎ ಬಸ್ಸಿನಲ್ಲಿ ಸಾಧನಕ್ಕೆ ಸಾಮಾನ್ಯವಾಗಿ ಸ್ವಂತ ಶಕ್ತಿ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ಇಂಟೆಲ್ 8237 ಎಂಬ ಡಿಎಂಎ ಕಂಟ್ರೋಲರ್ ಇತ್ತು. ಸಾಧನ ಬೇಡಿಕೆಯ ತಂತಿ ಎತ್ತಿದಾಗ ಕಂಟ್ರೋಲರ್ ಪ್ರೊಸೆಸರಿನಿಂದ ಬಸ್ ಬಿಡಿಸಿಕೊಂಡು, ತಾನೇ ವಿಳಾಸ ಹಾಕಿ ಡೇಟಾ ಸಾಗಿಸುತ್ತಿತ್ತು. 1981ರ ಐಬಿಎಂ ಪಿಸಿಯಲ್ಲಿ ಇಂಥದ್ದು ಒಂದು, 1984ರ ಪಿಸಿ ಎಟಿಯಲ್ಲಿ ಎರಡು. ಎರಡನ್ನು ಜೋಡಿಸಲು 4ನೇ ಚಾನೆಲ್ ಖರ್ಚಾಗಿ, 0ಯಿಂದ 3 ಎಂಟು ಬಿಟ್ಟಿಗೆ, 5ರಿಂದ 7 ಹದಿನಾರು ಬಿಟ್ಟಿಗೆ ಉಳಿದವು. ಫ್ಲಾಪಿ ಬಳಸುತ್ತಿದ್ದದ್ದು 2ನೇ ಚಾನೆಲ್. 8237ರ ಒಳಗಿನ ವಿಳಾಸ ಕೌಂಟರ್ ಬರೀ 16 ಬಿಟ್. ಮೇಲಿನ ಬಿಟ್‌ಗಳು ಹೊರಗಿನ ಪೇಜ್ ರಿಜಿಸ್ಟರಿನಲ್ಲಿ ಇರುತ್ತಿದ್ದವು, ಕೌಂಟರ್ ತುಂಬಿ ಸೊನ್ನೆಗೆ ಮರಳಿದಾಗ ಆ ಕ್ಯಾರಿ ಅಲ್ಲಿಗೆ ಹೋಗುತ್ತಿರಲಿಲ್ಲ. ಹಾಗಾಗಿ ಎಂಟು ಬಿಟ್ ಚಾನೆಲ್ಲಿನಲ್ಲಿ ಬಫರ್ 64 ಕಿಲೋಬೈಟಿನ ಗಡಿ ದಾಟಿದರೆ ಡೇಟಾ ಅದೇ ಪುಟದ ಆರಂಭಕ್ಕೆ ಸುತ್ತಿ ಬಂದು ಬೇರೆಯವರ ಮೆಮೊರಿಯನ್ನು ತುಳಿಯುತ್ತಿತ್ತು. 24 ಬಿಟ್ ವಿಳಾಸದಿಂದ ಬಂದ 16 ಮೆಗಾಬೈಟ್ ಮಿತಿಯ ನೆನಪು ಲಿನಕ್ಸಿನ ಎಕ್ಸ್86 ಮೆಮೊರಿ ವಲಯಗಳಲ್ಲಿ ಇಂದಿಗೂ ಇದೆ.

ಪಿಸಿಐ ಬಂದಾಗ ಮಧ್ಯವರ್ತಿ ಹೋದ. ಪ್ರತಿ ಕಾರ್ಡೂ ತಾನೇ ಬಸ್ ಮಾಸ್ಟರ್ ಆಗಬಲ್ಲದು, ತನ್ನೊಳಗಿನ ಡಿಎಂಎ ಎಂಜಿನ್ನಿನಿಂದ ತಾನೇ ಮೆಮೊರಿ ಓದಿ ಬರೆಯಬಲ್ಲದು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹಂಚಿಕೊಂಡ ತಂತಿಗಳೂ ಇಲ್ಲ. ಓದುವುದೂ ಬರೆಯುವುದೂ ಪ್ಯಾಕೆಟ್‌ಗಳಾಗಿ ಓಡಾಡುತ್ತವೆ. ಮೈಕ್ರೊಕಂಟ್ರೋಲರುಗಳಲ್ಲಿ ಮಾತ್ರ ಹಳೆಯ ಮಾದರಿ ಈಗಲೂ ಜೀವಂತ: ನಡುವೆ ಒಂದು ಕಂಟ್ರೋಲರ್, ಅದಕ್ಕೆ ಬೇಡಿಕೆ ಸಲ್ಲಿಸುವ ಯೂಸಾರ್ಟ್ (ಸೀರಿಯಲ್ ಪೋರ್ಟ್), ಎಸ್‌ಪಿಐ, ಎಡಿಸಿಯಂಥ ಪೆರಿಫೆರಲ್‌ಗಳು, ಅಂದರೆ ಚಿಪ್ಪಿನೊಳಗಿನ ಸಾಧನಗಳು.

ಒಂದು ಗೊಂದಲ ಇಲ್ಲೇ ತೀರಲಿ. ಯುಎಸ್‌ಬಿ ಸಾಧನ, ಐ2ಸಿ ಸೆನ್ಸರ್ ಇವು ಮೆಮೊರಿಯನ್ನು ಕಾಣುವುದೇ ಇಲ್ಲ. ಡಿಎಂಎ ಮಾಡುವುದು ಅವುಗಳ ಹೋಸ್ಟ್ ಕಂಟ್ರೋಲರ್. ಬಫರನ್ನು ಮ್ಯಾಪ್ ಮಾಡುವಾಗ (ಅಂದರೆ ಸಾಧನ ಬಳಸಬಲ್ಲ ವಿಳಾಸ ಪಡೆಯುವಾಗ) ಯಾವ ಸಾಧನದ ಹೆಸರಿನಲ್ಲಿ ಮಾಡಬೇಕು ಎಂಬ ಪ್ರಶ್ನೆ ಬಂದರೆ, ಬಸ್ಸಿನ ಮೇಲೆ ನಿಜವಾಗಿ ವಿಳಾಸ ಹಾಕುವವರು ಯಾರೋ ಅವರ ಹೆಸರಿನಲ್ಲಿ.

ವಿಳಾಸ ಯಾರ ಕಣ್ಣಿನದು

ಒಂದೇ ಬೈಟಿಗೆ ಮೂರು ವಿಳಾಸ ಇರಬಹುದು. ನಿಮ್ಮ ಪಾಯಿಂಟರಿನಲ್ಲಿರುವುದು ವರ್ಚುವಲ್ ವಿಳಾಸ. ವಿಳಾಸ ಬದಲಿಸುವ ಪಟ್ಟಿಯಾದ ಪೇಜ್ ಟೇಬಲ್ ದಾಟಿದ ಮೇಲೆ ಸಿಗುವುದು ಭೌತಿಕ ವಿಳಾಸ. ಸಾಧನ ಬಸ್ಸಿಗೆ ಹಾಕಬೇಕಾದದ್ದು ಬಸ್ ವಿಳಾಸ. ಮನೆಬಳಕೆಯ ಹಳೆ ಪಿಸಿಯಲ್ಲಿ ಕೊನೆಯ ಎರಡು ಒಂದೇ ಆಗಿದ್ದವು, ಅದರಿಂದಲೇ ಭೌತಿಕ ವಿಳಾಸವನ್ನು ಸಾಧನಕ್ಕೆ ನೇರ ಕೊಡುವ ದುರಭ್ಯಾಸ ಬೆಳೆಯಿತು. ಸಾಧನ ಹಾಕುವ ವಿಳಾಸವನ್ನು ಭೌತಿಕ ವಿಳಾಸಕ್ಕೆ ಬದಲಿಸುವ ಐಒಎಂಎಂಯು ಎಂಬ ಘಟಕ ನಡುವೆ ಇದ್ದರೆ (ಇಂಟೆಲ್‌ನಲ್ಲಿ ವಿಟಿ-ಡಿ, ಎಎಂಡಿಯಲ್ಲಿ ಎಎಂಡಿ-ವಿಐ, ಆರ್ಮ್‌ನಲ್ಲಿ ಎಸ್‌ಎಂಎಂಯು) ಬಸ್ ವಿಳಾಸಕ್ಕೂ ಭೌತಿಕ ವಿಳಾಸಕ್ಕೂ ಸಂಬಂಧವೇ ಇರುವುದಿಲ್ಲ. ಐಒಎಂಎಂಯು ಇಲ್ಲದಿದ್ದರೂ ಎರಡೂ ಒಂದೇ ಎಂದು ನಂಬುವಂತಿಲ್ಲ. ರಾಸ್ಪ್‌ಬೆರಿ ಪೈಯ ಮೊದಲ ಚಿಪ್ ಬಿಸಿಎಂ2835ರಲ್ಲಿ ಪೆರಿಫೆರಲ್ ರಿಜಿಸ್ಟರುಗಳು ಪ್ರೊಸೆಸರಿಗೆ ಒಂದು ವಿಳಾಸದಲ್ಲಿ, ಡಿಎಂಎ ಎಂಜಿನ್ನಿಗೆ ಬೇರೊಂದರಲ್ಲಿ ಕಾಣುತ್ತವೆ. ಪ್ರೊಸೆಸರ್ ನೋಡುವ ಅಂಕಿಯನ್ನೇ ಎಂಜಿನ್ನಿಗೆ ಕೊಟ್ಟವರಿಗೆ ಅಲ್ಲಿ ಏನೂ ಸಿಗುವುದಿಲ್ಲ.

ಆದ್ದರಿಂದ ವಿಳಾಸವನ್ನು ಲೆಕ್ಕ ಹಾಕಬೇಡಿ, ಕೇಳಿ ಪಡೆಯಿರಿ. ಲಿನಕ್ಸಿನಲ್ಲಿ ಬಸ್ ವಿಳಾಸಕ್ಕೆಂದೇ ಬೇರೆ ಡೇಟಾ ಟೈಪ್ ಇರುವುದು ಇದಕ್ಕಾಗಿಯೇ.

ಇನ್ನು ಸಾಧನಕ್ಕೆ ಎಷ್ಟು ದೂರ ಕಾಣುತ್ತದೆ ಎಂಬುದು. ಕೆಲವು ಎಂಜಿನ್ನುಗಳು 32 ಬಿಟ್ ವಿಳಾಸ ಮಾತ್ರ ಹಾಕಬಲ್ಲವು, ಅಂದರೆ ಮೊದಲ 4 ಗಿಗಾಬೈಟ್. ಇದನ್ನು ಡಿಎಂಎ ಮಾಸ್ಕ್ ಮೂಲಕ ಕರ್ನಲ್ಲಿಗೆ ಹೇಳಬೇಕು. 32 ಬಿಟ್ ಸಾಧನಕ್ಕೆ 64 ಬಿಟ್ ಮಾಸ್ಕ್ ಕೊಟ್ಟರೆ ವಿಳಾಸದ ಮೇಲಿನ ಅರ್ಧ ಸದ್ದಿಲ್ಲದೆ ಉದುರಿಹೋಗುತ್ತದೆ, ಸಾಧನ ಇನ್ನಾರದೋ ಮೆಮೊರಿಗೆ ಬರೆಯುತ್ತದೆ. 4 ಗಿಗಾಬೈಟಿಗಿಂತ ಕಡಿಮೆ ಮೆಮೊರಿಯ ಯಂತ್ರದಲ್ಲಿ ಪರೀಕ್ಷೆ ಮಾಡಿದರೆ ಈ ತಪ್ಪು ಎಂದೂ ಹೊರಬೀಳುವುದಿಲ್ಲ. ಪರೀಕ್ಷೆಗೆ 8 ಗಿಗಾಬೈಟಾದರೂ ಇರುವ ಯಂತ್ರ ಹಿಡಿಯಿರಿ, ಒಮ್ಮೆ ಐಒಎಂಎಂಯು ಹಾಕಿ, ಒಮ್ಮೆ ತೆಗೆದು ಓಡಿಸಿ.

ಬಫರ್ ಸಾಧನದ ಕಣ್ಣಳತೆಗೆ ಹೊರಗಿದ್ದರೆ ಲಿನಕ್ಸ್ ಕೆಳಗಿನ ಮೆಮೊರಿಯಲ್ಲಿ ತಾತ್ಕಾಲಿಕ ಜಾಗ ಕೊಟ್ಟು ನಕಲು ಮಾಡುತ್ತದೆ. ಇದು ಬೌನ್ಸ್ ಬಫರ್, ಕರ್ನಲ್ಲಿನಲ್ಲಿ ಎಸ್‌ಡಬ್ಲ್ಯುಐಒಟಿಎಲ್‌ಬಿ. ಸಾಮಾನ್ಯವಾಗಿ ಒಟ್ಟು 64 ಮೆಗಾಬೈಟ್, ಒಂದು ಮ್ಯಾಪಿಂಗ್‌ಗೆ ಗರಿಷ್ಠ 256 ಕಿಲೋಬೈಟ್. ಜಾಗ ತುಂಬಿದರೆ ಮ್ಯಾಪಿಂಗ್ ವಿಫಲವಾಗುತ್ತದೆ, ಕರ್ನಲ್ ಲಾಗಿನಲ್ಲಿ ಬಫರ್ ತುಂಬಿದೆ ಎಂಬ ಸಾಲು ಬೀಳುತ್ತದೆ. ಆ ಸಾಲು ಕಂಡಾಗ ಜಾಗ ಹೆಚ್ಚಿಸುವ ಮೊದಲು ಮಾಸ್ಕ್ ನೋಡಿ. 64 ಬಿಟ್ ಬಲ್ಲ ಸಾಧನಕ್ಕೆ ಮಾಸ್ಕ್ ಹೇಳಲು ಮರೆತಿದ್ದರೆ ಕರ್ನಲ್ ಅದನ್ನು 32 ಎಂದೇ ಎಣಿಸಿ ಎಲ್ಲವನ್ನೂ ಸುಮ್ಮನೆ ನಕಲು ಮಾಡುತ್ತಿರುತ್ತದೆ.

ಲಿನಕ್ಸಿನ ಪಿಸಿಐ ಡ್ರೈವರಿನಲ್ಲಿ ಹಂತಗಳು

1. ಪಿಸಿಐ_ಎನೇಬಲ್_ಡಿವೈಸ್ ಕರೆದು ಸಾಧನವನ್ನು ಎಬ್ಬಿಸಿ, ರಿಜಿಸ್ಟರ್ ಪ್ರದೇಶವನ್ನು ಮ್ಯಾಪ್ ಮಾಡಿಕೊಳ್ಳಿ.

2. ಸಾಧನವನ್ನು ರೀಸೆಟ್ ಮಾಡಿ. ಬಸ್ ಕೊಡುವ 4ನೇ ಹಂತಕ್ಕಿಂತ ಮೊದಲೇ ಮಾಡಬೇಕು. ಹಿಂದಿನ ಕರ್ನಲ್ಲೋ ಬೂಟ್ ಫರ್ಮ್‌ವೇರೋ ಅರ್ಧಕ್ಕೆ ಬಿಟ್ಟ ವರ್ಗಾವಣೆ ಎಂಜಿನ್ನಿನಲ್ಲಿ ಉಳಿದಿದ್ದರೆ, ಬಸ್ ಸಿಕ್ಕ ಕ್ಷಣ ಅದು ಹಳೆಯ ವಿಳಾಸಕ್ಕೆ ಬರೆಯತೊಡಗುತ್ತದೆ.

3. ಡಿಎಂಎ_ಸೆಟ್_ಮಾಸ್ಕ್_ಆ್ಯಂಡ್_ಕೊಹೆರೆಂಟ್ ಮೂಲಕ ಮಾಸ್ಕ್ ಹೇಳಿ. ಅದು ಹಿಂದಿರುಗಿಸುವ ಮೌಲ್ಯ ನೋಡಿ.

4. ಪಿಸಿಐ_ಸೆಟ್_ಮಾಸ್ಟರ್ ಕರೆಯಿರಿ. ಕಾನ್ಫಿಗರೇಶನ್ ಜಾಗದ 4ನೇ ಬೈಟಿನಿಂದ ಶುರುವಾಗುವ ಕಮಾಂಡ್ ರಿಜಿಸ್ಟರಿನಲ್ಲಿ 2ನೇ ಬಿಟ್ ಏರುತ್ತದೆ. ಈ ಬಿಟ್ ಇಲ್ಲದಿದ್ದರೆ ರಿಜಿಸ್ಟರುಗಳೆಲ್ಲ ಓದಲು ಬರೆಯಲು ಸಿಗುತ್ತವೆ, ಡಿಎಂಎ ಮಾತ್ರ ಆಗುವುದಿಲ್ಲ. ಎಂಎಸ್‌ಐ ಇಂಟರಪ್ಟ್ ಕೂಡ ಬರುವುದಿಲ್ಲ, ಏಕೆಂದರೆ ಅದೂ ಸಾಧನ ಮಾಡುವ ಒಂದು ಮೆಮೊರಿ ಬರಹವೇ. ಇಂಟರಪ್ಟ್ ಬರುತ್ತಿಲ್ಲ ಎಂದು ಇಂಟರಪ್ಟ್ ಕೋಡನ್ನೇ ದಿನಗಟ್ಟಲೆ ಜಾಲಾಡುವ ಮೊದಲು ಈ ಬಿಟ್ ನೋಡಿಬಿಡಿ.

5. ಡಿಸ್ಕ್ರಿಪ್ಟರ್ ರಿಂಗಿಗೆ (ಸಾಧನಕ್ಕೆ ಕೆಲಸ ಹೇಳುವ ಚೀಟಿಗಳ ವೃತ್ತ, ವಿವರ ಮುಂದಿದೆ) ಡಿಎಂಎ_ಅಲಾಕ್_ಕೊಹೆರೆಂಟ್ ಬಳಸಿ. ಇಬ್ಬರೂ ಪದೇಪದೇ ಮುಟ್ಟುವ, ಸಣ್ಣ, ಬಹುಕಾಲ ಬಾಳುವ ಜಾಗಕ್ಕೆ ಇದೇ ಸರಿ.

6. ಡೇಟಾ ಬಫರುಗಳಿಗೆ ಡಿಎಂಎ_ಮ್ಯಾಪ್_ಸಿಂಗಲ್, ಅಥವಾ ಬಫರ್ ಚದುರಿದ ತುಂಡುಗಳಾಗಿದ್ದರೆ ಡಿಎಂಎ_ಮ್ಯಾಪ್_ಎಸ್‌ಜಿ. ದಿಕ್ಕು ಸರಿಯಾಗಿ ಹೇಳಿ: ಸಾಧನಕ್ಕೆ, ಸಾಧನದಿಂದ. ಸಂಶಯಕ್ಕೆ ಎರಡೂ ಕಡೆ ಎಂದು ಹಾಕುವುದು ಸೋಮಾರಿತನ. ಕೊಹೆರೆಂಟ್ ಅಲ್ಲದ ಯಂತ್ರದಲ್ಲಿ, ಅಂದರೆ ಪ್ರೊಸೆಸರಿನ ಕ್ಯಾಶ್ (ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ವೇಗದ ಜಾಗ) ಡಿಎಂಎ ಜೊತೆ ತಾನಾಗಿ ಹೊಂದಿಕೊಳ್ಳದ ಕಡೆ, ಕ್ಯಾಶ್ ಕೆಲಸ ಹೆಚ್ಚಾಗುತ್ತದೆ. ತಿರುಗಾಮುರುಗಾ ಹಾಕಿದರಂತೂ ಹಳಸಿದ ಡೇಟಾ ಖಂಡಿತ.

7. ಸಿಕ್ಕ ವಿಳಾಸವನ್ನು ಡಿಎಂಎ_ಮ್ಯಾಪಿಂಗ್_ಎರರ್ ಮೂಲಕ ಪರೀಕ್ಷಿಸಿ. ಸೊನ್ನೆಗೆ ಹೋಲಿಸಿ ನೋಡುವುದು ಪರೀಕ್ಷೆಯಲ್ಲ. ಸೊನ್ನೆಯೂ ಸರಿಯಾದ ಬಸ್ ವಿಳಾಸವಾಗಿರಬಹುದು.

ಡಿಎಂಎ_ಮ್ಯಾಪ್_ಎಸ್‌ಜಿ ಬಳಸುವಾಗ ಒಂದು ಹೆಜ್ಜೆ ತಪ್ಪುವವರು ಬಹಳ. ಅಕ್ಕಪಕ್ಕದ ತುಂಡುಗಳನ್ನು ಐಒಎಂಎಂಯು ಒಂದಾಗಿಸಬಹುದಾದ್ದರಿಂದ ನೀವು ಕೊಟ್ಟ 20 ತುಂಡು 7 ಆಗಿ ವಾಪಸು ಬರಬಹುದು. ಸಾಧನಕ್ಕೆ ಬರೆಯಬೇಕಾದದ್ದು ಆ 7. ಆದರೆ ಅನ್‌ಮ್ಯಾಪ್ ಮಾಡುವಾಗ ಕೊಡಬೇಕಾದದ್ದು ಮೊದಲಿನ 20.

ಯಾವ ಮೆಮೊರಿಯನ್ನು ಮ್ಯಾಪ್ ಮಾಡಬಾರದು ಎಂಬುದೂ ಮುಖ್ಯ. ಸ್ಟ್ಯಾಕಿನ ಮೇಲಿನ ಅರೇ ಬೇಡ. ಇಂದಿನ ಕರ್ನಲ್ಲುಗಳಲ್ಲಿ ಸ್ಟ್ಯಾಕ್ ಇರುವುದೇ ವರ್ಚುವಲ್ ಆಗಿ ಹೊಲಿದ ಪುಟಗಳ ಮೇಲೆ. ವಿಮ್ಯಾಲಾಕ್ ಕೊಟ್ಟ ಮೆಮೊರಿಯನ್ನು ಮ್ಯಾಪ್_ಸಿಂಗಲ್‌ಗೆ ಕೊಡಬೇಡಿ, ಅದರ ಪುಟಗಳು ಭೌತಿಕವಾಗಿ ಚದುರಿರುತ್ತವೆ. ಭೌತಿಕವಾಗಿ ಒಂದೇ ಸಾಲಿನ ಮೆಮೊರಿ ಕೊಡುವ ಕೆಮ್ಯಾಲಾಕ್ ಸರಿ.

ಬಫರ್ ಯಾರ ಕೈಯಲ್ಲಿದೆ

ಮ್ಯಾಪ್ ಮಾಡಿದ ಕ್ಷಣದಿಂದ ಬಫರ್ ಸಾಧನದ್ದು. ಅನ್‌ಮ್ಯಾಪ್ ಆಗುವವರೆಗೆ, ಅಥವಾ ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಕರೆಯುವವರೆಗೆ ನೀವು ಅದನ್ನು ಓದಲೂಬಾರದು, ಬರೆಯಲೂಬಾರದು. ಬಫರನ್ನು ಮತ್ತೆ ಸಾಧನಕ್ಕೆ ಒಪ್ಪಿಸುವಾಗ ಫಾರ್_ಡಿವೈಸ್ ಕರೆ. ಎಕ್ಸ್86 ಯಂತ್ರಗಳಲ್ಲಿ ಪಿಸಿಐ ಡಿಎಂಎ ನಡೆಯುವಾಗ ಹಾರ್ಡ್‌ವೇರ್ ತಾನೇ ಕ್ಯಾಶ್ ಇಣುಕಿ ನೋಡುವುದರಿಂದ, ಈ ನಿಯಮ ಮುರಿದರೂ ಅಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ಡ್ರೈವರನ್ನು ಕೊಹೆರೆಂಟ್ ಅಲ್ಲದ ಆರ್ಮ್ ಬೋರ್ಡಿಗೆ ಒಯ್ದ ದಿನ ಡೇಟಾ ಕೆಡಲು ಶುರು.

ಕೆಡುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡೋಣ. ಮೈಕ್ರೊಕಂಟ್ರೋಲರುಗಳಲ್ಲಿ ಬರುವ ಆರ್ಮ್ ಪ್ರೊಸೆಸರ್ ಕಾರ್ಟೆಕ್ಸ್-ಎಂ7 ತೆಗೆದುಕೊಳ್ಳಿ, ಅದರ ಕ್ಯಾಶ್ ಲೈನ್ (ಕ್ಯಾಶ್ ಒಮ್ಮೆಗೆ ಹಿಡಿಯುವ ತುಂಡು) 32 ಬೈಟ್. ನಿಮ್ಮ ಸ್ವೀಕಾರದ ಬಫರ್ 100 ಬೈಟ್, ಲೈನ್ ಗಡಿಯಲ್ಲೇ ಶುರುವಾಗಿದೆ. ಮೂರು ಪೂರ್ತಿ ಲೈನ್ ಸೇರಿ 96 ಬೈಟ್. ಉಳಿದ 4 ಬೈಟ್ ನಾಲ್ಕನೇ ಲೈನಿನ ತಲೆಯಲ್ಲಿ. ಅದೇ ಲೈನಿನ ಉಳಿದ 28 ಬೈಟಿನಲ್ಲಿ ಕಂಪೈಲರ್ ನಿಮ್ಮ ಪ್ಯಾಕೆಟ್ ಎಣಿಕೆಯ ವೇರಿಯಬಲ್ ತಂದು ಕೂರಿಸಿದೆ, ಮೌಲ್ಯ 40.

ಡಿಎಂಎ ನಡೆಯುತ್ತಿರುವಾಗ ಬೇರೊಂದು ಕೋಡ್ ಎಣಿಕೆಯನ್ನು 41 ಮಾಡುತ್ತದೆ. 41 ಸದ್ಯ ಕ್ಯಾಶಿನಲ್ಲಿದೆ, ಮೆಮೊರಿಯಲ್ಲಿ ಇನ್ನೂ 40. ಇತ್ತ ಡಿಎಂಎ ಕೊನೆಯ 4 ಬೈಟುಗಳನ್ನು ಮೆಮೊರಿಗೆ ಬರೆಯಿತು. ಈಗ ನೀವು ಹೊಸ ಡೇಟಾ ಓದಲು ಆ ಲೈನನ್ನು ಇನ್‌ವ್ಯಾಲಿಡೇಟ್ ಮಾಡಿದರೆ ಕ್ಯಾಶಿನ ಪ್ರತಿ ಬಿಸಾಡಿಹೋಗಿ ಎಣಿಕೆ 40ಕ್ಕೆ ಹಿಂದೆ ಸರಿಯುತ್ತದೆ. ಅದನ್ನು ಉಳಿಸಲೆಂದು ಮೊದಲು ಕ್ಲೀನ್ ಮಾಡಿದರೆ, ಅಂದರೆ ಲೈನನ್ನು ಮೆಮೊರಿಗೆ ಬರೆದರೆ, ಕ್ಯಾಶಿನಲ್ಲಿದ್ದ ಹಳೆಯ 4 ಬೈಟುಗಳೂ ಜೊತೆಗೇ ಹೋಗಿ ಡಿಎಂಎ ಆಗಷ್ಟೇ ಬರೆದದ್ದನ್ನು ಅಳಿಸುತ್ತವೆ. ಯಾವ ಕಡೆ ತಿರುಗಿದರೂ ನಷ್ಟ. ಸಾಫ್ಟ್‌ವೇರ್ ಜಾಣತನದಿಂದ ಇದನ್ನು ಬಿಡಿಸಲು ಆಗುವುದಿಲ್ಲ. ಬಫರಿನ ಆರಂಭವನ್ನು 32ರ ಗಡಿಗೆ ತಂದು, 100 ಅನ್ನು 128ಕ್ಕೆ ಏರಿಸಿ, ಲೈನುಗಳನ್ನು ಇನ್ನಾರೊಂದಿಗೂ ಹಂಚಿಕೊಳ್ಳದಂತೆ ಮಾಡುವುದೊಂದೇ ದಾರಿ. ಬಹಳಷ್ಟು ದೊಡ್ಡ ಪ್ರೊಸೆಸರುಗಳಲ್ಲಿ ಲೈನ್ 64 ಬೈಟ್, ಅಲ್ಲಿ 64ರ ಲೆಕ್ಕ. ಒಂದೇ ಸ್ಟ್ರಕ್ಚರಿನೊಳಗೆ ಡಿಎಂಎ ಬಫರನ್ನೂ ಲಾಕ್, ಎಣಿಕೆಗಳನ್ನೂ ಅಕ್ಕಪಕ್ಕ ಇಡಬೇಡಿ ಎನ್ನುವುದು ಇದಕ್ಕೇ.

ಕ್ಯಾಶ್ ಕೆಲಸದ ಹೊತ್ತು ಹೀಗೆ. ಕಳುಹಿಸುವಾಗ: ಬಫರ್ ತುಂಬಿ, ಕ್ಲೀನ್ ಮಾಡಿ, ಆಮೇಲೆ ಡಿಎಂಎ ಶುರು. ಸ್ವೀಕರಿಸುವಾಗ ಇನ್‌ವ್ಯಾಲಿಡೇಟ್ ಎರಡು ಸಲ ಬೇಕು, ಮೊದಲೊಮ್ಮೆ ಮತ್ತು ಮುಗಿದ ಮೇಲೊಮ್ಮೆ. ಮೊದಲಿನದು ಮಾಡದಿದ್ದರೆ ಕ್ಯಾಶಿನಲ್ಲಿ ಉಳಿದ ಹಳೆಯ ಬರಹ ಡಿಎಂಎ ನಡುವೆಯೇ ಹೊರಬಿದ್ದು ಹೊಸ ಡೇಟಾವನ್ನು ಮುಚ್ಚಬಹುದು. ಎರಡನೆಯದು ಮಾಡದಿದ್ದರೆ, ಪ್ರೊಸೆಸರ್ ಊಹೆಯ ಮೇಲೆ ಮುಂಚಿತವಾಗಿ ಎಳೆದುಕೊಂಡ ಹಳೆಯ ಲೈನುಗಳನ್ನೇ ನೀವು ಓದುತ್ತೀರಿ. ಲಿನಕ್ಸಿನ ಮ್ಯಾಪ್, ಅನ್‌ಮ್ಯಾಪ್ ಕರೆಗಳು ಇವೆರಡನ್ನೂ ಒಳಗೇ ಮಾಡಿಕೊಳ್ಳುತ್ತವೆ. ಬರಿಯ ಮೈಕ್ರೊಕಂಟ್ರೋಲರಿನಲ್ಲಿ ನೀವೇ ಮಾಡಬೇಕು.

ರಿಂಗ್ ಕಟ್ಟುವುದು, ಸರದಿ ಕಾಯುವುದು

ಡಿಸ್ಕ್ರಿಪ್ಟರ್ ಎಂದರೆ ಒಂದು ಚೀಟಿ: ವಿಳಾಸ, ಉದ್ದ, ಸ್ಥಿತಿ, ಮತ್ತು ಸದ್ಯ ಇದು ಯಾರದು ಎಂದು ಹೇಳುವ ಒಂದು ಒಡೆತನದ ಬಿಟ್. ಇಂಥ ಚೀಟಿಗಳನ್ನು ವೃತ್ತವಾಗಿ ಜೋಡಿಸಿದರೆ ರಿಂಗ್. ಸಂಖ್ಯೆ 2ರ ಘಾತವಾಗಿರಲಿ, 256 ಅಥವಾ 512, ಸುತ್ತಿಸಲು ಒಂದು ಆ್ಯಂಡ್ ಸಾಕಾಗುತ್ತದೆ. ತಲೆ ಮತ್ತು ಬಾಲದ ಗುರುತು ಒಂದೇ ಆದಾಗ ರಿಂಗ್ ಖಾಲಿಯೋ ತುಂಬಿದೆಯೋ ತಿಳಿಯದಾದ್ದರಿಂದ ಒಂದು ಜಾಗವನ್ನು ಯಾವಾಗಲೂ ಖಾಲಿ ಬಿಡಿ. ಎನ್‌ವಿಎಂಇ ಡಿಸ್ಕುಗಳು ಮುಗಿದ ಕೆಲಸದ ಸರತಿಯಲ್ಲಿ ಇನ್ನೊಂದು ಉಪಾಯ ಮಾಡುತ್ತವೆ: 16 ಬೈಟಿನ ಪ್ರತಿ ನಮೂದಿನಲ್ಲೂ ಒಂದು ಫೇಸ್ ಬಿಟ್, ಪ್ರತಿ ಸುತ್ತಿಗೂ ಅದು ತಿರುಗುತ್ತದೆ. ಹೊಸ ನಮೂದು ಬಂದದ್ದು ಯಾವ ರಿಜಿಸ್ಟರನ್ನೂ ಓದದೆ ತಿಳಿಯುತ್ತದೆ.

ಚೀಟಿ ಬರೆಯುವ ಕ್ರಮ ಜೀವ ಇದ್ದಂತೆ. ವಿಳಾಸ ಮತ್ತು ಉದ್ದ ಮೊದಲು. ಆಮೇಲೆ ಡಿಎಂಎ_ಡಬ್ಲ್ಯುಎಂಬಿ ಎಂಬ ಬರಹದ ತಡೆ. ಆನಂತರ ಒಡೆತನದ ಬಿಟ್. ಕೊನೆಗೆ ಹೊಸ ಕೆಲಸವಿದೆ ಎಂದು ಸಾಧನಕ್ಕೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರ್. ತಡೆ ಇಲ್ಲದಿದ್ದರೆ ಕಂಪೈಲರ್ ಅಥವಾ ಪ್ರೊಸೆಸರ್ ಒಡೆತನದ ಬಿಟ್ಟನ್ನು ಉಳಿದವುಗಳಿಗಿಂತ ಮೊದಲೇ ಬರೆದುಬಿಡಬಹುದು. ಸಾಧನ ಆಗಲೇ ರಿಂಗನ್ನು ಓದುತ್ತಾ ಹೋಗುತ್ತಿದ್ದರೆ ಅದು ಡೋರ್‌ಬೆಲ್‌ಗೆ ಕಾಯುವುದಿಲ್ಲ, ಹೊಸ ಒಡೆತನದ ಜೊತೆ ಹಳೆಯ ವಿಳಾಸ ಎತ್ತಿಕೊಂಡು ಹೋಗುತ್ತದೆ. ರಿಜಿಸ್ಟರಿಗೆ ಬರೆಯುವ ಲಿನಕ್ಸಿನ ರೈಟ್‌ಎಲ್ ತನಗಿಂತ ಹಿಂದಿನ ಮೆಮೊರಿ ಬರಹಗಳು ಡಿಎಂಎಗೆ ಕಾಣುವಂತೆ ನೋಡಿಕೊಳ್ಳುತ್ತದೆ. ರೈಟ್‌ಎಲ್_ರಿಲ್ಯಾಕ್ಸ್ಡ್ ಹಾಗೆ ಮಾಡುವುದಿಲ್ಲ. ವೇಗಕ್ಕೆಂದು ಎರಡನೆಯದಕ್ಕೆ ಬದಲಾಯಿಸಿದರೆ ತಡೆಯನ್ನು ನೀವೇ ಹಾಕಬೇಕು.

ಓದುವ ಕಡೆಯೂ ಇದೇ. ಒಡೆತನದ ಬಿಟ್ ನಿಮ್ಮದಾಗಿದೆ ಎಂದು ಕಂಡ ಮೇಲೆ ಡಿಎಂಎ_ಆರ್‌ಎಂಬಿ ಹಾಕಿ, ಆಮೇಲಷ್ಟೇ ಉದ್ದ ಮತ್ತು ಸ್ಥಿತಿ ಓದಿ. ಇಲ್ಲದಿದ್ದರೆ ಪ್ರೊಸೆಸರ್ ಉದ್ದವನ್ನು ಮುಂಚೆಯೇ ಓದಿಟ್ಟುಕೊಂಡಿರಬಹುದು. ಲಕ್ಷಾಂತರ ಪ್ಯಾಕೆಟ್‌ಗಳಲ್ಲಿ ಒಂದಕ್ಕೆ ಹಿಂದಿನ ಪ್ಯಾಕೆಟ್ಟಿನ ಉದ್ದ ಬರುತ್ತಿದೆ ಎಂಬ ದೂರು ಬಂದರೆ ಮೊದಲು ಇಲ್ಲಿ ಹುಡುಕಿ.

ಇಂಟರಪ್ಟ್ ಬಂತು, ಡೇಟಾ ಬಂತೇ?

ಪಿಸಿಐ ಬಸ್ಸಿನಲ್ಲಿ ಬರಹಗಳು ಪೋಸ್ಟೆಡ್, ಅಂದರೆ ಕಳುಹಿಸಿದವರು ಉತ್ತರಕ್ಕೆ ಕಾಯುವುದಿಲ್ಲ. ಬರಹ ದಾರಿಯ ಬ್ರಿಡ್ಜುಗಳಲ್ಲಿ ಸ್ವಲ್ಪ ಹೊತ್ತು ನಿಂತಿರಬಹುದು. ಹಳೆಯ ಇಂಟರಪ್ಟ್ ಬೇರೆಯೇ ತಂತಿಯಲ್ಲಿ ಓಡುತ್ತಿದ್ದುದರಿಂದ ಡೇಟಾವನ್ನು ಹಿಂದಿಕ್ಕಿ ಪ್ರೊಸೆಸರನ್ನು ತಲುಪಿಬಿಡುತ್ತಿತ್ತು. ಅದಕ್ಕೆ ಮದ್ದು: ಇಂಟರಪ್ಟ್ ಹ್ಯಾಂಡ್ಲರಿನ ಮೊದಲ ಕೆಲಸವಾಗಿ ಸಾಧನದ ಒಂದು ರಿಜಿಸ್ಟರ್ ಓದಿ. ಓದಿಗೆ ಸಾಧನ ಕೊಡುವ ಉತ್ತರ ಅದೇ ದಾರಿಯಲ್ಲಿ ಮುಂದೆ ಹೋಗುತ್ತಿರುವ ಬರಹಗಳನ್ನು ದಾಟುವಂತಿಲ್ಲ, ಉತ್ತರ ಕೈಗೆ ಬಂದಾಗ ಡೇಟಾ ಮೆಮೊರಿ ತಲುಪಿರುತ್ತದೆ. ಎಂಎಸ್‌ಐ ಮತ್ತು ಎಂಎಸ್‌ಐ-ಎಕ್ಸ್‌ನಲ್ಲಿ ಇಂಟರಪ್ಟೂ ಡೇಟಾದ ಹಿಂದೆಯೇ ಅದೇ ಸಾಲಿನಲ್ಲಿ ಬರುವ ಬರಹವಾದ್ದರಿಂದ ಈ ಓದು ಬೇಡ.

ಸಾಧನವನ್ನೇ ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಕಟ್ಟುವವರು ರಿಲ್ಯಾಕ್ಸ್ಡ್ ಆರ್ಡರಿಂಗ್ ಬಿಟ್ ಬಗ್ಗೆ ಎಚ್ಚರವಾಗಿರಬೇಕು. ಈ ಬಿಟ್ ಹೊತ್ತ ಬರಹ ತನ್ನ ಮುಂದಿರುವವರನ್ನು ದಾಟಬಹುದು. ಡೇಟಾ ಪ್ಯಾಕೆಟ್‌ಗಳ ಮೇಲೆ ಹಾಕಿದರೆ ತೊಂದರೆಯಿಲ್ಲ. ಮುಗಿಯಿತು ಎಂದು ಸಾರುವ ನಮೂದಿನ ಮೇಲೂ ಇಂಟರಪ್ಟಿನ ಮೇಲೂ ಖಂಡಿತ ಹಾಕಬೇಡಿ, ಅವು ಡೇಟಾಗಿಂತ ಮೊದಲು ಬಂದು ಸುಳ್ಳು ಹೇಳುತ್ತವೆ.

ಪಿಸಿಐ ಎಕ್ಸ್‌ಪ್ರೆಸ್ ಪ್ಯಾಕೆಟ್ಟಿನ ಲೆಕ್ಕ

ಒಂದು ಬರಹದ ಪ್ಯಾಕೆಟ್ಟಿನಲ್ಲಿ ಎಷ್ಟು ಡೇಟಾ ಹಿಡಿಸಬಹುದು ಎಂಬುದನ್ನು ಮ್ಯಾಕ್ಸ್ ಪೇಲೋಡ್ ಸೈಜ್ ನಿರ್ಧರಿಸುತ್ತದೆ: 128ರಿಂದ 4096 ಬೈಟ್. ದಾರಿಯಲ್ಲಿರುವ ಎಲ್ಲರೂ ಒಪ್ಪುವ ಅಳತೆಗೆ ಇದನ್ನು ಹೊಂದಿಸಬೇಕು. ಮಿತಿ ಮೀರಿದ ಪ್ಯಾಕೆಟ್ ಪಡೆದವರು ಅದನ್ನು ಕೆಟ್ಟ ಪ್ಯಾಕೆಟ್ ಎಂದು ಘೋಷಿಸುತ್ತಾರೆ. 64 ಬಿಟ್ ವಿಳಾಸದ ಹೆಡರ್ 16 ಬೈಟ್, ಅದಕ್ಕೆ ಚೌಕಟ್ಟು ಮತ್ತು ಸಿಆರ್‌ಸಿ ಸೇರಿ ಸುಮಾರು 24 ಬೈಟ್ ಹೊರೆ. 128 ಬೈಟಿನ ಪ್ಯಾಕೆಟ್ಟಿನಲ್ಲಿ ಉಪಯುಕ್ತ ಪಾಲು ಶೇಕಡ 84, 256ರಲ್ಲಿ ಶೇಕಡ 91.

ಯಾವ ಕೋರಿಕೆಯೂ 4096 ಬೈಟಿನ ಗಡಿ ದಾಟಬಾರದು. 1500 ಬೈಟಿನ ಫ್ರೇಮನ್ನು 256ರ ಮಿತಿಯಲ್ಲಿ ಬರೆಯಲು ಸಾಮಾನ್ಯವಾಗಿ 6 ಪ್ಯಾಕೆಟ್ ಸಾಕು. ಆದರೆ ಬಫರ್ ಪುಟದೊಳಗಿನ 3968ನೇ ಬೈಟಿನಿಂದ ಶುರುವಾದರೆ ಮೊದಲ ಪ್ಯಾಕೆಟ್ 128ಕ್ಕೇ ನಿಲ್ಲಬೇಕು. ಆಮೇಲೆ 256ರ ಐದು, ಕೊನೆಗೆ 92ರ ಒಂದು, ಒಟ್ಟು 7. ಗಡಿ ದಾಟಿದ್ದನ್ನು ಪರೀಕ್ಷಿಸುವುದು ಪಡೆಯುವವರಿಗೆ ಐಚ್ಛಿಕ. ಹೀಗಾಗಿ ತಪ್ಪು ವಿನ್ಯಾಸ ಒಂದು ಮದರ್‌ಬೋರ್ಡಿನಲ್ಲಿ ಸಲೀಸಾಗಿ ಓಡಿ ಇನ್ನೊಂದರಲ್ಲಿ ಬಿದ್ದುಹೋಗುತ್ತದೆ. ಇಂಥದ್ದೇ ಇನ್ನೊಂದು: ವಿಳಾಸ 4 ಗಿಗಾಬೈಟಿನ ಕೆಳಗಿದ್ದರೆ 12 ಬೈಟಿನ ಚಿಕ್ಕ ಹೆಡರನ್ನೇ ಬಳಸಬೇಕು. ಮೇಲಿನ ಅರ್ಧಕ್ಕೆ ಸೊನ್ನೆ ತುಂಬಿ ದೊಡ್ಡ ಹೆಡರ್ ಕಳುಹಿಸುವುದು ನಿಯಮಕ್ಕೆ ವಿರುದ್ಧ.

ಬರೆಯುವುದಕ್ಕಿಂತ ಓದುವುದು ನಿಧಾನ. ಸಾಧನ ಕೋರಿಕೆ ಕಳುಹಿಸಿ, ಮೆಮೊರಿಯಿಂದ ಉತ್ತರ ಬರುವವರೆಗೆ ಕಾಯಬೇಕು. ಹೋಗಿಬರಲು 1 ಮೈಕ್ರೊಸೆಕೆಂಡ್ ಎಂದಿಟ್ಟುಕೊಂಡರೆ, ಒಂದು ಸಲಕ್ಕೆ 512 ಬೈಟಿನ ಒಂದೇ ಕೋರಿಕೆ ಕಳುಹಿಸುವ ಎಂಜಿನ್ ಸೆಕೆಂಡಿಗೆ 512 ಮೆಗಾಬೈಟ್ ದಾಟದು, ಲಿಂಕ್ ಎಷ್ಟೇ ಅಗಲವಿದ್ದರೂ. ಮೂರನೇ ತಲೆಮಾರಿನ ನಾಲ್ಕು ಲೇನಿನ ಲಿಂಕ್ ಸೆಕೆಂಡಿಗೆ ಸುಮಾರು 3.9 ಗಿಗಾಬೈಟ್ ಸಾಗಿಸಬಲ್ಲದು. ಅದನ್ನು ತುಂಬಿಸಲು ಏಕಕಾಲಕ್ಕೆ 512ರ 8 ಕೋರಿಕೆಗಳಾದರೂ ದಾರಿಯಲ್ಲಿರಬೇಕು. ಪ್ರತಿ ಕೋರಿಕೆಗೂ ಒಂದು ಟ್ಯಾಗ್. ಬೇರೆ ಬೇರೆ ಟ್ಯಾಗಿನ ಉತ್ತರಗಳು ಹಿಂದುಮುಂದಾಗಿ ಬರಬಹುದು, ಒಂದೇ ಕೋರಿಕೆಯ ಉತ್ತರವೂ ತುಂಡುತುಂಡಾಗಿ ಬರಬಹುದು. ತುಂಡುಗಳು ಮಾತ್ರ ವಿಳಾಸದ ಕ್ರಮದಲ್ಲೇ ಇರುತ್ತವೆ. ಬರಹ ವೇಗವಾಗಿದ್ದು ಓದು ಮಾತ್ರ ಕುಂಟುತ್ತಿದ್ದರೆ ಟ್ಯಾಗುಗಳ ಸಂಖ್ಯೆಯನ್ನೇ ಅನುಮಾನಿಸಿ.

ಮೈಕ್ರೊಕಂಟ್ರೋಲರಿನಲ್ಲಿ ಸೀರಿಯಲ್ ಸ್ವೀಕಾರ

ಆರಂಭದ ಸೀರಿಯಲ್ ಪೋರ್ಟನ್ನು ಎಸ್‌ಟಿಎಂ32ಎಫ್4 ಎಂಬ ಮೈಕ್ರೊಕಂಟ್ರೋಲರಿನಲ್ಲಿ ಜೋಡಿಸೋಣ. ಇದರಲ್ಲಿ ಎರಡು ಡಿಎಂಎ ಕಂಟ್ರೋಲರ್, ಪ್ರತಿಯೊಂದಕ್ಕೂ 8 ಸ್ಟ್ರೀಮ್. ಯಾವ ಪೆರಿಫೆರಲ್ ಯಾವ ಸ್ಟ್ರೀಮಿಗೆ ಎಂಬುದು ಸಿಲಿಕಾನಿನಲ್ಲೇ ಕಟ್ಟಿದ್ದು: ಯೂಸಾರ್ಟ್1ರ ಸ್ವೀಕಾರಕ್ಕೆ ಡಿಎಂಎ2ರ ಸ್ಟ್ರೀಮ್ 2 ಅಥವಾ 5, ಎರಡರಲ್ಲೂ ಚಾನೆಲ್ 4. ರೆಫರೆನ್ಸ್ ಮ್ಯಾನ್ಯುಯಲ್ಲಿನ ಕೋಷ್ಟಕ ನೋಡದೆ ಊಹಿಸಿದರೆ ಬೇಡಿಕೆಯೇ ಬಾರದೆ ಸ್ಟ್ರೀಮ್ ಸುಮ್ಮನೆ ಕಾಯುತ್ತದೆ.

ಸ್ಟ್ರೀಮ್ ನಿಲ್ಲಿಸಿ, ಎನೇಬಲ್ ಬಿಟ್ ನಿಜವಾಗಿ ಸೊನ್ನೆಯಾಗುವವರೆಗೆ ಓದುತ್ತಾ ಕಾಯಿರಿ. ನಡೆಯುತ್ತಿರುವ ವರ್ಗಾವಣೆ ಮುಗಿಯುವವರೆಗೆ ಅದು ಇಳಿಯುವುದಿಲ್ಲ. ಹಿಂದಿನ ಇಂಟರಪ್ಟ್ ಫ್ಲ್ಯಾಗುಗಳನ್ನೆಲ್ಲ ಅಳಿಸಿ, ಅವು ಉಳಿದಿದ್ದರೆ ಸ್ಟ್ರೀಮ್ ಮತ್ತೆ ಸರಿಯಾಗಿ ಏಳುವುದಿಲ್ಲ. ಪೆರಿಫೆರಲ್ ವಿಳಾಸಕ್ಕೆ ಯೂಸಾರ್ಟಿನ ಡೇಟಾ ರಿಜಿಸ್ಟರ್, ಮೆಮೊರಿ ವಿಳಾಸಕ್ಕೆ ಬಫರ್, ಎಣಿಕೆಗೆ 256. ಎಣಿಕೆಯ ರಿಜಿಸ್ಟರ್ 16 ಬಿಟ್, ಗರಿಷ್ಠ 65535. ಮೆಮೊರಿ ವಿಳಾಸ ಮಾತ್ರ ಏರಲಿ, ಪೆರಿಫೆರಲ್ಲಿನದು ನಿಂತಲ್ಲೇ ನಿಲ್ಲಲಿ. ಅಗಲ ಎರಡೂ ಕಡೆ 8 ಬಿಟ್, ವೃತ್ತ ಮೋಡ್, ಅರ್ಧ ಮತ್ತು ಪೂರ್ಣ ಇಂಟರಪ್ಟ್ ಎರಡೂ ಆನ್. ಸ್ಟ್ರೀಮ್ ಎಬ್ಬಿಸಿ, ಯೂಸಾರ್ಟಿನ ಕಡೆ ಡಿಎಂಎ ಸ್ವೀಕಾರದ ಬಿಟ್ ಹಾಕಿ. ಈ ಕೊನೆಯದನ್ನು ಮರೆಯುವುದು ತೀರಾ ಸಾಮಾನ್ಯ.

ಸಂದೇಶ 37 ಬೈಟಿಗೇ ಮುಗಿದುಬಿಟ್ಟರೆ ಅರ್ಧವೂ ತುಂಬುವುದಿಲ್ಲ, ಇಂಟರಪ್ಟೂ ಇಲ್ಲ. ಅದಕ್ಕೆ ಯೂಸಾರ್ಟಿನ ಐಡಲ್ ಲೈನ್ ಇಂಟರಪ್ಟನ್ನು ಜೊತೆಗೆ ಇಡಿ. ತಂತಿ ಒಂದು ಅಕ್ಷರದಷ್ಟು ಹೊತ್ತು ಮೌನವಾದರೆ ಅದು ಬರುತ್ತದೆ. ಮೂರೂ ಇಂಟರಪ್ಟುಗಳಿಂದ ಒಂದೇ ಫಂಕ್ಷನ್ ಕರೆಯಿರಿ: 256ರಿಂದ ಎಣಿಕೆ ರಿಜಿಸ್ಟರನ್ನು ಕಳೆದರೆ ಈಗಿನ ಬರೆಯುವ ಸ್ಥಾನ, ಹಿಂದಿನ ಸ್ಥಾನದಿಂದ ಇಲ್ಲಿಯವರೆಗಿನದ್ದು ಹೊಸ ಡೇಟಾ.

ಬಫರ್ ಎಲ್ಲಿದೆ ಎಂದೂ ನೋಡಿ. ಎಫ್4 ಸರಣಿಯ ಹಲವು ಚಿಪ್‌ಗಳಲ್ಲಿರುವ 64 ಕಿಲೋಬೈಟಿನ ಸಿಸಿಎಂ ಮೆಮೊರಿಗೆ ಡಿಎಂಎ ತಲುಪುವುದೇ ಇಲ್ಲ. ಎಸ್‌ಟಿಎಂ32ರ ಎಚ್7 ಸರಣಿಯಲ್ಲಿ ಡಿಟಿಸಿಎಂ ಮೆಮೊರಿಗೆ ಡಿಎಂಎ1, ಡಿಎಂಎ2 ತಲುಪವು. ಲಿಂಕರ್ ಬಫರನ್ನು ಅಲ್ಲಿಗೆ ಸರಿಸಿದ ದಿನ, ಒಂದು ಸಾಲು ಕೋಡ್ ಬದಲಾಗದಿದ್ದರೂ ಡೇಟಾ ಬರುವುದು ನಿಲ್ಲುತ್ತದೆ.

ನಿಲ್ಲಿಸುವ ಕ್ರಮ

ಡ್ರೈವರ್ ಕಳಚುವಾಗ ಮೊದಲು ಎಂಜಿನ್ ನಿಲ್ಲಿಸಿ, ಅದು ನಿಂತಿದೆ ಎಂದು ರಿಜಿಸ್ಟರ್ ಓದಿ ಖಚಿತಮಾಡಿಕೊಳ್ಳಿ. ಆ ಓದು ದಾರಿಯಲ್ಲಿದ್ದ ಬರಹಗಳನ್ನೂ ಮುಂದೆ ತಳ್ಳುತ್ತದೆ. ಆಮೇಲೆ ಇಂಟರಪ್ಟ್ ಬಿಡಿ, ಬಸ್ ಮಾಸ್ಟರ್ ಬಿಟ್ ಇಳಿಸಿ, ಅನ್‌ಮ್ಯಾಪ್ ಮಾಡಿ, ಕೊನೆಗೆ ಮೆಮೊರಿ ಮರಳಿಸಿ. ಈ ಕ್ರಮ ತಿರುವುಮುರುವಾದರೆ ಬಿಟ್ಟುಕೊಟ್ಟ ಪುಟ ಇನ್ನಾರದೋ ಕೈಗೆ ಹೋಗಿರುತ್ತದೆ, ಸಾಧನ ಅದರ ಮೇಲೆ ಪ್ಯಾಕೆಟ್ ಸುರಿಯುತ್ತಲೇ ಇರುತ್ತದೆ. ಕುಸಿತ ಮಾತ್ರ ಸಂಬಂಧವೇ ಇಲ್ಲದ ಕೋಡಿನಲ್ಲಿ ಕಾಣಿಸುತ್ತದೆ.

ಕೆಟ್ಟಾಗ ಎಲ್ಲಿ ನೋಡಬೇಕು

ಮೊದಲು ಪಿಸಿಐ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಆದೇಶದ ವಿವರವಾದ ಔಟ್‌ಪುಟ್ ತೆಗೆಯಿರಿ. ಬಸ್ ಮಾಸ್ಟರ್ ಪಕ್ಕ ಪ್ಲಸ್ ಇದೆಯೇ, ಮ್ಯಾಕ್ಸ್ ಪೇಲೋಡ್ ಎಷ್ಟು, ದೋಷದ ಬಿಟ್‌ಗಳು ಎದ್ದಿವೆಯೇ ನೋಡಿ. ರಿಜಿಸ್ಟರ್ ಓದಿದಾಗ ಎಲ್ಲ ಬಿಟ್ಟೂ ಒಂದಾಗಿ ಬಂದರೆ ಸಾಧನ ಬಸ್ಸಿನ ಮೇಲೇ ಇಲ್ಲ ಎಂದು ತಿಳಿಯಿರಿ, ಡಿಎಂಎ ವಿಚಾರ ಆಮೇಲೆ.

ಡ್ರೈವರ್ ಬರೆಯುವಾಗ ಕರ್ನಲ್ಲಿನ ಡಿಎಂಎ ಎಪಿಐ ಡೀಬಗ್ ಆಯ್ಕೆಯನ್ನು ಆನ್ ಇಟ್ಟೇ ಕೆಲಸ ಮಾಡಿ. ಅನ್‌ಮ್ಯಾಪ್ ಮರೆತದ್ದು, ಉದ್ದ ಅಥವಾ ದಿಕ್ಕು ಹೊಂದದ್ದು, ದೋಷ ಪರೀಕ್ಷಿಸದೆ ಬಿಟ್ಟದ್ದು ಎಲ್ಲವನ್ನೂ ಅದು ಹೇಳುತ್ತದೆ. ಜೊತೆಗೆ ಐಒಎಂಎಂಯು ಆನ್ ಮಾಡಿ ಸ್ಟ್ರಿಕ್ಟ್ ಮೋಡಿನಲ್ಲಿಡಿ, ಅನ್‌ಮ್ಯಾಪ್ ಆದ ತಕ್ಷಣ ಬಾಗಿಲು ಮುಚ್ಚುತ್ತದೆ. ದೋಷದ ಸಂದೇಶದಲ್ಲಿ ಬರುವ ವಿಳಾಸವೇ ಅರ್ಧ ಉತ್ತರ. ಸೊನ್ನೆಯಾಗಿದ್ದರೆ ತುಂಬದ ಡಿಸ್ಕ್ರಿಪ್ಟರನ್ನು ಸಾಧನ ಎತ್ತಿಕೊಂಡಿದೆ. ಮೆಮೊರಿಯ ಭೌತಿಕ ವಿಳಾಸದಂತಿದ್ದರೆ ಯಾರೋ ಮ್ಯಾಪ್ ಮಾಡದೆ ನೇರ ಕೊಟ್ಟಿದ್ದಾರೆ. ಸ್ವಲ್ಪ ಮೊದಲು ನೀವೇ ಬಳಸುತ್ತಿದ್ದ ಬಸ್ ವಿಳಾಸವಾಗಿದ್ದರೆ ಸಾಧನ ಮುಗಿಸುವ ಮುನ್ನ ಅನ್‌ಮ್ಯಾಪ್ ಆಗಿದೆ.

ಡೇಟಾ ತಲುಪಿಯೂ ಕೆಟ್ಟಿದ್ದರೆ ಬಫರಿನ ಎಲ್ಲ ಬೈಟಿಗೂ ಹೆಕ್ಸ್ 55 ತುಂಬಿ ಸಾಧನಕ್ಕೆ ಒಪ್ಪಿಸಿ. ಸಾಧನದಿಂದ 0, 1, 2, 3 ಎಂದು ಏರುವ ಬೈಟುಗಳನ್ನು ಕಳುಹಿಸಿ. ಬಂದದ್ದನ್ನು ಸಾಲಿಗೆ 16ರಂತೆ ಪ್ರಿಂಟ್ ಮಾಡಿ, 55 ಉಳಿದಿರುವ ಕಲೆಗಳ ಅಳತೆ ಮತ್ತು ಜಾಗ ಗುರುತಿಸಿ. ಏರುವ ಸಾಲಿನಲ್ಲೂ ಒಮ್ಮೊಮ್ಮೆ 55 ಬರುತ್ತದೆ, ಒಂಟಿ ಬೈಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಲೆ 32 ಅಥವಾ 64 ಬೈಟಿನದ್ದಾಗಿ ಅದೇ ಗಡಿಯಲ್ಲಿ ಕೂತಿದ್ದರೆ ಕ್ಯಾಶ್ ಲೈನ್. 128 ಅಥವಾ 256ರದ್ದಾಗಿದ್ದರೆ ಒಂದು ಇಡೀ ಪ್ಯಾಕೆಟ್ ಕಳೆದಿದೆ, ಎಂಜಿನ್ನಿನ ತುಂಡರಿಸುವ ಲೆಕ್ಕ ನೋಡಿ. 4096ರ ಗಡಿಯಿಂದಾಚೆ ಎಲ್ಲವೂ 55 ಆಗಿದ್ದರೆ ಎರಡನೇ ಪುಟದ ವಿಳಾಸ ತಪ್ಪಾಗಿದೆ, ಅಥವಾ ಕೋರಿಕೆ ಗಡಿ ದಾಟಿದೆ. ಕಲೆಯೇ ಇಲ್ಲದೆ ಎಲ್ಲವೂ 1ರಿಂದ 3 ಬೈಟ್ ಸರಿದಿದ್ದರೆ ಆರಂಭದ ವಿಳಾಸ 4ರ ಗಡಿಯಲ್ಲಿಲ್ಲ, ಬೈಟ್ ಎನೇಬಲ್ ಬಿಟ್‌ಗಳನ್ನು ಸಾಧನ ಸರಿಯಾಗಿ ಹಾಕುತ್ತಿಲ್ಲ. ಓಡಿಸಿದಾಗಲೆಲ್ಲ ಕಲೆ ಬೇರೆ ಬೇರೆ ಕಡೆ ಬಂದು, ಓದುವ ಮುನ್ನ ಸ್ವಲ್ಪ ಕಾದರೆ ಮಾಯವಾಗುತ್ತಿದ್ದರೆ ಅದು ಸರದಿಯ ತಪ್ಪು. ಆ ಕಾಯುವ ಸಾಲನ್ನು ಕೋಡಿನಲ್ಲಿ ಉಳಿಸಿಕೊಳ್ಳಬೇಡಿ, ತೆಗೆದುಹಾಕಿ ತಡೆ ಎಲ್ಲಿ ತಪ್ಪಿದೆ ಎಂದು ಹುಡುಕಿ.